ಹೇಳಿದ ಬಾಡಿಗೆ ಒಂದು, ಬಿಲ್ಲಿನ ಮೊತ್ತ ಇನ್ನೊಂದು: ಪ್ರವಾಸಿಗರು ಅರಿಯಬೇಕಾದ ಲೆಕ್ಕ

ಹೊನ್ನಾವರ: ದಸರಾ ಹಾಗೂ ಡಿಸೆಂಬರ್ ರಜೆ ಬಂತೆಂದರೆ ಗೋಕರ್ಣದಿಂದ ಮುರುಡೇಶ್ವರದವರೆಗಿನ ಕರಾವಳಿಯಲ್ಲಿ ಕೊಠಡಿಗಳಿಗೆ ಎಲ್ಲಿಲ್ಲದ ಬೇಡಿಕೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡ ಕಡಲತೀರ, ಅಪ್ಸರಕೊಂಡ, ಜೋಗ ಎಂದು ಸುತ್ತುವ ಕುಟುಂಬಗಳು ಫೋನಿನಲ್ಲೋ ಅಂತರ್ಜಾಲದಲ್ಲೋ ಬಾಡಿಗೆ ವಿಚಾರಿಸಿ ಕೊಠಡಿ ಕಾಯ್ದಿರಿಸುತ್ತವೆ. ಆಗ ಕೇಳಿದ ದರಕ್ಕೂ ಹೊರಡುವಾಗ ಕೈಗೆ ಬರುವ ಬಿಲ್ಲಿಗೂ ತಾಳೆಯಾಗದಿದ್ದಾಗ ವಾಗ್ವಾದ ಆರಂಭವಾಗುತ್ತದೆ. ಈ ವ್ಯತ್ಯಾಸದಲ್ಲಿ ಯಾವುದು ನ್ಯಾಯಸಮ್ಮತ, ಯಾವುದು ಅಲ್ಲ ಎಂಬುದನ್ನು ತಿಳಿದಿರುವುದು ಒಳಿತು.

ಒಂದು ಉದಾಹರಣೆ

ದಿನಕ್ಕೆ 2,000 ರೂಪಾಯಿ ಬಾಡಿಗೆ ಎಂದು ತಿಳಿದು ದಂಪತಿ ಇಬ್ಬರು ಮಕ್ಕಳೊಂದಿಗೆ ಎರಡು ದಿನ ತಂಗುತ್ತಾರೆ ಎಂದಿಟ್ಟುಕೊಳ್ಳಿ. ಹೆಚ್ಚುವರಿ ಹಾಸಿಗೆಗೆ 600 ರೂ., 'ನಿರ್ವಹಣಾ ವೆಚ್ಚ'ವೆಂದು 200 ರೂ. ಸೇರಿದರೆ ದಿನದ ಮೊತ್ತ 2,800 ರೂ. ಆಗುತ್ತದೆ. ಅದರ ಮೇಲೆ ಶೇ 5ರ ತೆರಿಗೆ 140 ರೂ. ಎರಡು ದಿನಕ್ಕೆ ಒಟ್ಟು 5,880 ರೂ. ಕುಟುಂಬ ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು 4,000 ರೂ. ಮಾತ್ರ. ಇಲ್ಲಿ ತೆರಿಗೆಯ ಪಾಲು 280 ರೂಪಾಯಿಯಷ್ಟೇ. ಉಳಿದ 1,600 ರೂಪಾಯಿಯನ್ನು ಮೊದಲೇ ಹೇಳಬಹುದಿತ್ತು.

ತೆರಿಗೆ ಎಷ್ಟು?

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ರಾಜ್ಯದ ಹಳೆಯ ಐಷಾರಾಮ ತೆರಿಗೆ ಅದರಲ್ಲಿ ವಿಲೀನವಾಯಿತು. ಆದ್ದರಿಂದ ಬಿಲ್ಲಿನಲ್ಲಿ 'ಐಷಾರಾಮ ತೆರಿಗೆ' ಎಂಬ ಸಾಲಿಗೆ ಈಗ ಅರ್ಥವಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿಗೆ ಶೇ 5, ಅದಕ್ಕಿಂತ ಮೇಲ್ಪಟ್ಟದ್ದಕ್ಕೆ ಶೇ 18 ತೆರಿಗೆಯಿದೆ. ಅಗ್ಗದ ಕೊಠಡಿಗೆ ಹಿಂದಿನ ಶೇ 12ರ ದರವನ್ನೇ ಹಾಕಿದ್ದರೆ ಪ್ರಶ್ನಿಸಬಹುದು.

ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ಸಣ್ಣ ಹೋಂಸ್ಟೇಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ಪ್ರವಾಸಿಗರಿಂದ ತೆರಿಗೆ ವಸೂಲು ಮಾಡುವಂತಿಲ್ಲ. ಆದರೆ ಅದೇ ಹೋಂಸ್ಟೇಯನ್ನು ಬುಕಿಂಗ್ ಜಾಲತಾಣದ ಮೂಲಕ ಪಡೆದರೆ ತೆರಿಗೆ ಕಟ್ಟುವ ಹೊಣೆ ಜಾಲತಾಣದ್ದಾಗುತ್ತದೆ. ಒಂದೇ ಕೊಠಡಿಗೆ ಎರಡು ಕಡೆ ಎರಡು ದರ ಕಾಣಲು ಇದೂ ಒಂದು ಕಾರಣ.

ಕಾನೂನು ಏನು ಹೇಳುತ್ತದೆ?

ಆರಂಭದಲ್ಲಿ ಕಡಿಮೆ ದರ ತೋರಿಸಿ, ಹಣ ಪಾವತಿಸುವ ಹಂತದಲ್ಲಿ ಒಂದೊಂದೇ ಶುಲ್ಕ ಸೇರಿಸುವ ಕ್ರಮಕ್ಕೆ 'ಡ್ರಿಪ್ ಪ್ರೈಸಿಂಗ್' ಎಂದು ಹೆಸರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿರುವ 13 ಬಗೆಯ ವಂಚಕ ತಂತ್ರಗಳಲ್ಲಿ ಇದೂ ಸೇರಿದೆ. 'ಒಂದೇ ಕೊಠಡಿ ಉಳಿದಿದೆ' ಎಂಬ ಸುಳ್ಳು ಅವಸರ, ಕೇಳದ ಸೇವೆಯನ್ನು ಬಿಲ್ಲಿಗೆ ಸೇರಿಸುವುದು ಕೂಡ ಅದೇ ಪಟ್ಟಿಯಲ್ಲಿವೆ.

ಹೋಟೆಲ್‌ಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ ಎಂದು ಪ್ರಾಧಿಕಾರ 2022ರ ಜುಲೈನಲ್ಲಿ ಸೂಚಿಸಿತ್ತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿಯೂ ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಮೊತ್ತವನ್ನೇ ವಸತಿಗೃಹಗಳು ಮೊದಲು ತೋರಿಸಬೇಕೆಂಬ ನಿಯಮ 2025ರ ಮೇ 12ರಿಂದ ಜಾರಿಯಲ್ಲಿದೆ.

ಪ್ರಾಮಾಣಿಕರಿಗೇ ನಷ್ಟ

ಮರೆಮಾಚಿದ ಶುಲ್ಕದಿಂದ ನಷ್ಟ ಅನುಭವಿಸುವವರು ಪ್ರವಾಸಿಗರು ಮಾತ್ರವಲ್ಲ. ಎಲ್ಲವೂ ಸೇರಿ 2,500 ರೂ. ಎಂದು ಮೊದಲೇ ಹೇಳುವ ಲಾಡ್ಜ್ ಮಾಲೀಕರು, 2,000 ರೂ. ಎಂದು ಹೇಳಿ 2,900 ಪಡೆಯುವವರ ಮುಂದೆ ದುಬಾರಿಯಾಗಿ ಕಾಣುತ್ತಾರೆ. ಗಿರಾಕಿ ಅತ್ತ ಸರಿಯುತ್ತಾನೆ. ಒಮ್ಮೆ ಮೋಸಹೋದವನು ಮರಳಿ ಬರುವಾಗ ಇಡೀ ಊರನ್ನೇ ಸಂಶಯದಿಂದ ನೋಡುತ್ತಾನೆ. ಮಳೆಗಾಲದ ತಿಂಗಳುಗಳಲ್ಲಿ ವ್ಯಾಪಾರ ಇಳಿಮುಖವಾಗುವ ಕರಾವಳಿಗೆ ಮರಳಿ ಬರುವ ಪ್ರವಾಸಿಗನೇ ಆಧಾರ.

ಏನು ಮಾಡಬೇಕು?

ಮುಂಗಡ ಕಳುಹಿಸುವ ಮೊದಲು ತೆರಿಗೆ ಸೇರಿ ಒಟ್ಟು ಎಷ್ಟು, ಮಕ್ಕಳಿಗೆ ಹಾಗೂ ಹೆಚ್ಚುವರಿ ಹಾಸಿಗೆಗೆ ಎಷ್ಟು, ಬೆಳಗಿನ ಉಪಾಹಾರ ಸೇರಿದೆಯೇ, ಕೊಠಡಿ ತೆರವು 24 ಗಂಟೆಯ ಲೆಕ್ಕವೋ ಮಧ್ಯಾಹ್ನ 12ರ ಲೆಕ್ಕವೋ, ರದ್ದುಪಡಿಸಿದರೆ ಎಷ್ಟು ಮರಳುತ್ತದೆ ಎಂಬುದನ್ನು ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್ ಇಲ್ಲವೇ ಎಸ್‌ಎಂಎಸ್‌ನಲ್ಲಿ ಪಡೆಯಬೇಕು. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ತಕರಾರಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಮೊರೆಹೋಗಬಹುದು. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶವಿರುವುದರಿಂದ, ಬೆಂಗಳೂರು ಅಥವಾ ಹುಬ್ಬಳ್ಳಿಯಿಂದ ಬಂದವರು ಇದಕ್ಕಾಗಿ ಕಾರವಾರಕ್ಕೆ ಅಲೆಯಬೇಕಿಲ್ಲ. ಐದು ಲಕ್ಷ ರೂ.ವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಬಿಲ್ ಹಾಗೂ ಮೊದಲು ಹೇಳಿದ ದರದ ಸಂದೇಶ, ಇವೆರಡನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ ಸಾಕು.