ಕಿಟಕಿ ಮುಚ್ಚಿದರೂ ನಿಲ್ಲದ ಹಾಡು: ಎಂಪಿಡಿ ಅಳವಡಿಸುವುದು ಹೇಗೆ?

ಗಣಕಯಂತ್ರದಲ್ಲಿ ಹಾಡು ಕೇಳುತ್ತಿರುವಾಗ ಪ್ಲೇಯರ್‌ನ ಕಿಟಕಿ ಮುಚ್ಚಿದರೆ ಹಾಡೂ ನಿಂತುಹೋಗುವುದು ವಾಡಿಕೆ. ಲಿನಕ್ಸ್ ಬಳಕೆದಾರರಿಗೆ ಪರಿಚಿತವಾದ ಮ್ಯೂಸಿಕ್ ಪ್ಲೇಯರ್ ಡೀಮನ್, ಅಂದರೆ ಎಂಪಿಡಿ, ಈ ಕಟ್ಟುಪಾಡಿಗೆ ಒಳಪಟ್ಟಿಲ್ಲ. 2003ರಲ್ಲಿ ವಾರೆನ್ ಡ್ಯೂಕ್ಸ್ ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು ಅನಂತರ ಮ್ಯಾಕ್ಸ್ ಕೆಲ್ಲರ್‌ಮನ್ ಮುನ್ನಡೆಸಿದರು. ಡೀಮನ್ ಎಂಬ ಹೆಸರು ಕೇಳಿ ಬೆಚ್ಚಬೇಕಿಲ್ಲ. ತೆರೆಮರೆಯಲ್ಲಿ ಸದಾ ಓಡುತ್ತಿರುವ ಕಾರ್ಯಕ್ರಮಕ್ಕೆ ಯುನಿಕ್ಸ್ ಪರಂಪರೆಯಲ್ಲಿ ಇರುವ ಹೆಸರದು.

ಇಲ್ಲಿ ಹಾಡು ನುಡಿಸುವ ಸೇವೆ ಬೇರೆ, ಅದಕ್ಕೆ ಆಜ್ಞೆ ನೀಡುವ ತಂತ್ರಾಂಶ ಬೇರೆ. ಎಂಪಿಸಿ, ಎನ್‌ಸಿಎಂಪಿಸಿಪಿಪಿ ಮೊದಲಾದವು ಆಜ್ಞೆ ನೀಡುವ ಸಾಧನಗಳು. ಮೂಲೆ ಸೇರಿದ ಹಳೆಯ ಗಣಕಯಂತ್ರವೊಂದಕ್ಕೆ ಸ್ಪೀಕರ್ ಜೋಡಿಸಿ, ಪರದೆಯೇ ಇಲ್ಲದೆ, ಮೊಬೈಲ್‌ನಿಂದ ಹಾಡು ಬದಲಿಸಲು ಸಾಧ್ಯವಾಗುವುದು ಇದರಿಂದಲೇ.

ಹೊಂದಾಣಿಕೆಯೆಲ್ಲ 'ಎಂಪಿಡಿ ಡಾಟ್ ಕಾನ್ಫ್' ಎಂಬ ಒಂದೇ ಪಠ್ಯ ಕಡತದಲ್ಲಿದೆ. ಹಾಡುಗಳ ಕಡತಕೋಶ ಎಲ್ಲಿದೆ, ಹಾಡುಗಳ ಪಟ್ಟಿ ಎಲ್ಲಿ ಉಳಿಯಬೇಕು, ಧ್ವನಿ ಯಾವ ದಾರಿಯಿಂದ ಹೊರಬರಬೇಕು ಎಂಬುದನ್ನು ಅಲ್ಲಿ ಬರೆದರೆ ಮುಖ್ಯ ಕೆಲಸ ಮುಗಿಯಿತು. ಹೊಸ ಹಾಡು ಸೇರಿಸಿದಾಗಲೆಲ್ಲ ಪಟ್ಟಿಯನ್ನು ನವೀಕರಿಸುವ ಆಜ್ಞೆ ನೀಡಬೇಕು. ಇಲ್ಲವೇ ಸ್ವಯಂ ನವೀಕರಣದ ಆಯ್ಕೆಯನ್ನು ಚಾಲ್ತಿಗೊಳಿಸಬೇಕು.

ಇಷ್ಟಾದರೂ ಅನೇಕರ ಯಂತ್ರದಲ್ಲಿ ಹಾಡು ಕೇಳಿಸುವುದಿಲ್ಲ. ಹೊಸಬರು ಸ್ಪೀಕರ್‌ನ ತಂತಿ ಅಲುಗಾಡಿಸುತ್ತಾ ಕೂರುವುದು ಇಲ್ಲಿಯೇ. ಕಾರಣ ಬಹುಮಟ್ಟಿಗೆ ಬೇರೆ. ಡೆಬಿಯನ್, ಉಬುಂಟುಗಳಲ್ಲಿ ಇಡೀ ಯಂತ್ರಕ್ಕೆ ಅನ್ವಯಿಸುವ ಸೇವೆಯಾಗಿ ಆರಂಭಿಸಿದಾಗ ಎಂಪಿಡಿ ತನ್ನದೇ ಹೆಸರಿನ ಪ್ರತ್ಯೇಕ ಖಾತೆಯಲ್ಲಿ ಓಡುತ್ತದೆ. ಆ ಖಾತೆಗೆ ಬಳಕೆದಾರರ ಸ್ವಂತ ಕಡತಕೋಶ ಪರಕೀಯ. ಉಬುಂಟು 21.04ರಿಂದ ಈಚೆಗಂತೂ ಹೊಸದಾಗಿ ಸೃಷ್ಟಿಸಿದ ಬಳಕೆದಾರರ ಕಡತಕೋಶವನ್ನು ಇತರ ಖಾತೆಗಳು ಇಣುಕಿ ನೋಡದಂತೆ ಮುಚ್ಚಿಡಲಾಗಿದೆ. ಹೀಗಾಗಿ ಪಟ್ಟಿ ಖಾಲಿಯಾಗಿ ಕಾಣುತ್ತದೆ. ಪಲ್ಸ್‌ಆಡಿಯೋ, ಪೈಪ್‌ವೈರ್‌ನಂತಹ ಧ್ವನಿ ವ್ಯವಸ್ಥೆಗಳೂ ಸಾಮಾನ್ಯವಾಗಿ ಲಾಗಿನ್ ಆದ ಬಳಕೆದಾರರಿಗೆ ಸೇರಿದವಾದ್ದರಿಂದ ಹೊರಗಿನ ಖಾತೆಯ ಹಾಡು ಅಲ್ಲಿ ಹೊಮ್ಮುವುದಿಲ್ಲ. ಸ್ವಂತ ಮೇಜಿನ ಯಂತ್ರವಾದರೆ ಯಂತ್ರವ್ಯಾಪಿ ಸೇವೆಯನ್ನು ನಿಲ್ಲಿಸಿ, ಸಿಸ್ಟಂಡಿ ಮೂಲಕ ಎಂಪಿಡಿಯನ್ನು ಬಳಕೆದಾರರ ಸೇವೆಯಾಗಿ ಆರಂಭಿಸುವುದೇ ಲೇಸು. ಪರದೆಯಿಲ್ಲದ ಯಂತ್ರಕ್ಕೆ ಪ್ರತ್ಯೇಕ ಖಾತೆಯೇ ಸರಿ. ಆಗ ಹಾಡುಗಳನ್ನು ಆ ಖಾತೆ ಓದಬಲ್ಲ ಜಾಗದಲ್ಲಿಟ್ಟು, ಧ್ವನಿಯನ್ನು ನೇರವಾಗಿ ಆಲ್ಸಾಗೆ ಕಳುಹಿಸಬೇಕು.

ಇನ್ನೊಂದು ಎಚ್ಚರಿಕೆ ಜಾಲಕ್ಕೆ ಸಂಬಂಧಿಸಿದ್ದು. ಎಂಪಿಡಿ ಆಜ್ಞೆಗಳನ್ನು ಆಲಿಸುವುದು 6600ನೇ ಪೋರ್ಟ್‌ನಲ್ಲಿ. ಯಾವ ವಿಳಾಸದಲ್ಲಿ ಆಲಿಸಬೇಕೆಂದು ಸೂಚಿಸದಿದ್ದರೆ ಅದು ಎಲ್ಲರಿಗೂ ಕಿವಿಗೊಡುತ್ತದೆ. ಹಾಸ್ಟೆಲ್ ಅಥವಾ ಕಚೇರಿಯ ವೈಫೈನಲ್ಲಿ ಯಾರು ಬೇಕಾದರೂ ಹಾಡು ನಿಲ್ಲಿಸಬಹುದು, ಪಟ್ಟಿ ಅಳಿಸಬಹುದು, ನಡುರಾತ್ರಿ ಧ್ವನಿ ಏರಿಸಬಹುದು. ಒಂದೇ ಯಂತ್ರದಲ್ಲಿ ಬಳಸುವವರು ವಿಳಾಸವನ್ನು 'ಲೋಕಲ್‌ಹೋಸ್ಟ್'ಗೆ ಸೀಮಿತಗೊಳಿಸಬೇಕು. ಸಿಸ್ಟಂಡಿಯ ಸಾಕೆಟ್ ಮೂಲಕ ಆರಂಭವಾದ ಎಂಪಿಡಿ ಈ ಸೂಚನೆಯನ್ನು ಪರಿಗಣಿಸುವುದೇ ಇಲ್ಲ ಎಂಬುದು ಹಲವರ ಗಮನಕ್ಕೆ ಬಾರದ ಸಂಗತಿ. ಅಂತಹ ಸಂದರ್ಭದಲ್ಲಿ ಸಾಕೆಟ್ ಕಡತವನ್ನೇ ತಿದ್ದಬೇಕು ಅಥವಾ ಸಾಕೆಟನ್ನು ನಿಷ್ಕ್ರಿಯಗೊಳಿಸಬೇಕು.

ಮೊಬೈಲ್‌ನಿಂದ ನಿಯಂತ್ರಿಸುವವರು ಗುಪ್ತಪದ ನಿಗದಿಪಡಿಸಿ, ಅದಿಲ್ಲದವರ ಅಧಿಕಾರವನ್ನು ಪಟ್ಟಿ ಓದುವುದಕ್ಕಷ್ಟೇ ಇಳಿಸಬಹುದು. ಆದರೆ ಆ ಗುಪ್ತಪದ ಜಾಲದಲ್ಲಿ ಗೂಢಲಿಪಿಯಿಲ್ಲದೆ ಸಾಗುವುದರಿಂದ, ಬ್ಯಾಂಕ್ ಖಾತೆಗೆ ಬಳಸಿದ ಪದವನ್ನೇ ಇಲ್ಲಿ ಬಳಸುವುದು ಸಲ್ಲದು.