ಕೌದಿ ಹೊಲಿಯುವ ಮಧ್ಯಾಹ್ನಗಳು



ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಧಾರಣೆ, ಕೊಳೆರೋಗ, ಕಾಫಿಯ ಕಾಂಡಕೊರಕ, ಗೊಬ್ಬರದ ದಾಸ್ತಾನು ಇಂಥ ವಿಷಯಗಳನ್ನು. ಈ ಸಲ ಒಂದು ಹೊಲಿಗೆಯ ಸಂಗತಿ ಬರೆಯಬೇಕೆನಿಸಿದೆ. ತೋಟಕ್ಕೂ ಇದಕ್ಕೂ ಏನು ಸಂಬಂಧ ಎನ್ನುವವರು ದಯವಿಟ್ಟು ತುಸು ತಾಳ್ಮೆಯಿಂದ ಓದಬೇಕು.

ಸದಸ್ಯರೊಬ್ಬರು ತೀರಿಕೊಂಡರೆ ಸಂಘದ ಕಚೇರಿಯಲ್ಲಿ ಆಗಬೇಕಾದ ಕೆಲಸ ಎಲ್ಲರಿಗೂ ಗೊತ್ತೇ ಇದೆ. ಮರಣ ಪತ್ರ, ನಾಮಿನಿಯ ಹೆಸರಿಗೆ ಷೇರು ವರ್ಗಾವಣೆ, ಬೆಳೆ ಸಾಲದ ಲೆಕ್ಕ. (ನಾಮಿನಿ ಪತ್ರವನ್ನು ಇನ್ನೂ ಕೊಡದವರು ಈ ತಿಂಗಳೇ ಕೊಟ್ಟುಬಿಡಿ, ಆಮೇಲೆ ಮನೆಯವರು ಓಡಾಡುವುದನ್ನು ನೋಡಲಾಗದು.) ಕಾಗದದ ಕೆಲಸಕ್ಕೆ ಒಂದು ಕೊನೆಯಿದೆ. ಮನೆಯಲ್ಲಿ ಹದಿಮೂರು ದಿನ ಜನವೋ ಜನ. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಎಲ್ಲರೂ ತಮ್ಮ ತಮ್ಮ ತೋಟಕ್ಕೆ ಹೋಗುತ್ತಾರೆ. ಅದು ಯಾರ ತಪ್ಪೂ ಅಲ್ಲ. ಮಳೆಗಾಲದಲ್ಲಿ ಎರಡು ದಿನ ಹೊಳವಾದರೆ ಮದ್ದು ಹೊಡೆಯಲೇಬೇಕು. ಕೊಳೆ ಯಾರ ಮನೆಯ ಸೂತಕವನ್ನೂ ಕಾಯುವುದಿಲ್ಲ. ಹದಿನಾಲ್ಕನೆಯ ದಿನದಿಂದ ಆ ಮನೆಯ ಹೆಂಗಸು ಒಬ್ಬಳೇ.

ನಾಲ್ಕು ವರ್ಷದ ಹಿಂದೆ ಆಷಾಢದಲ್ಲಿ ನಮ್ಮ ಸದಸ್ಯರೊಬ್ಬರು ಮದ್ದು ಹೊಡೆಯುವಾಗ ಮರದಿಂದ ಬಿದ್ದು ತೀರಿಕೊಂಡರು. ಎರಡೆಕರೆ ಅಡಿಕೆ, ನಡುವೆ ಕಾಫಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಮಗಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದವರು ಅವರ ಪತ್ನಿ ಮತ್ತು ವಯಸ್ಸಾದ ಅತ್ತೆ. ಆ ತಾಯಿ ತೋಟಕ್ಕೆ ಇಳಿಯುವುದನ್ನೇ ಬಿಟ್ಟರು. ಆ ಮರ ಕಣ್ಣಿಗೆ ಬೀಳುತ್ತದೆ ಎಂಬುದು ಅವರ ಕಾರಣ. ಅದಕ್ಕೆ ಎದುರು ಹೇಳುವುದಾದರೂ ಏನು? ಆ ವರ್ಷ ಫಸಲನ್ನು ಗುತ್ತಿಗೆಗೆ ಕೊಟ್ಟರು. ಮರುವರ್ಷ ತೋಟ ಮಾರುವ ಮಾತು ಹೊರಟಿತು. ಕೊಳ್ಳುವವರು ಬಂದು ಎರಡು ಸಲ ನೋಡಿಕೊಂಡೂ ಹೋದರು.

ಅವರ ತೋಟಕ್ಕೆ ಬಹಳ ವರ್ಷದಿಂದ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸೊಬ್ಬಳಿದ್ದಾಳೆ. ಆಕೆಯ ಮಗ ಅದಕ್ಕೂ ಒಂದು ವರ್ಷ ಮೊದಲು ಬೈಕು ಅಪಘಾತದಲ್ಲಿ ಹೋಗಿದ್ದ. ಗುತ್ತಿಗೆಗೆ ಕೊಟ್ಟ ಮೇಲೆ ಆಕೆಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಒಂದು ಮಧ್ಯಾಹ್ನ ಬಂದು, ಜಗಲಿಯ ಅಂಚಿನಲ್ಲಿ ಕೂತು, ಚೀಲದಿಂದ ಅರ್ಧ ಹೊಲಿದ ಕೌದಿ ತೆಗೆದು ಹೊಲಿಯತೊಡಗಿದಳಂತೆ. ಸಮಾಧಾನದ ಮಾತೇನೂ ಆಡಲಿಲ್ಲ. ಮರುದಿನವೂ ಬಂದಳು. ಮೂರನೆಯ ದಿನ "ಅಮ್ಮಾ, ನನ್ನ ಕಣ್ಣು ಸಾಲ್ತಿಲ್ಲ, ಈ ಸೂಜಿಗೆ ದಾರ ಪೋಣಿಸಿ ಕೊಡಿ" ಎಂದಳು. ಆಕೆಯ ಕಣ್ಣಿಗೆ ಏನೂ ಆಗಿಲ್ಲವೆಂದು ಈಗ ಇಬ್ಬರೂ ನಗುತ್ತಾರೆ.

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳ ಕೌದಿಯನ್ನು ಓದುಗರಲ್ಲಿ ಅನೇಕರು ಕಂಡಿರಬಹುದು, ಕಂಡೂ ಗಮನಿಸದೆ ಇರಬಹುದು. ಕವಂದಿ ಎಂದೂ ಹೇಳುತ್ತಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಈ ಕರಾವಳಿಗೆ ತರಲ್ಪಟ್ಟವರ ವಂಶಸ್ಥರು ಇವರು. ಉತ್ತರ ಕರ್ನಾಟಕದ ಮನೆಮನೆಯಲ್ಲೂ ಕೌದಿ ಉಂಟಾದರೂ ಇವರ ಕ್ರಮ ಬೇರೆ. ಹಳೆ ಸೀರೆಯ ಹಾಸು. ಅದರ ಮೇಲೆ ಬಟ್ಟೆಯ ತುಂಡುಗಳನ್ನು ಅಂಚು ಮಡಚಿ ಇಡುತ್ತ ಹೋಗಬೇಕು. ಒಂದು ಮೂಲೆಯಿಂದ ಆರಂಭ, ಅಂಚಿನ ಸುತ್ತ ಹೊಲಿಗೆ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಯುತ್ತದೆ. ಸೂಜಿಯನ್ನು ಮೇಲೆ ಕೆಳಗೆ ಹಾಕುತ್ತ ಹೋಗುವ ಸಾದಾ ಹೊಲಿಗೆಯೇ. ನಕ್ಷೆಯಿಲ್ಲ, ಅಳತೆ ಕೋಲಿಲ್ಲ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡು ಬೇಕೇ ಬೇಕು. ಅದಕ್ಕೆ ಫೂಲ, ಎಂದರೆ ಹೂವು, ಎಂದು ಹೆಸರು. ಅದಿಲ್ಲದ ಕೌದಿ ಬರಿಮೈಯಲ್ಲಿದ್ದಂತೆ ಎಂಬುದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಎಂಬವರು ಇದನ್ನು ಅಭ್ಯಾಸ ಮಾಡಿ, 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೊಂದು ಆಗಲು ನೆರವಾದರು. ನಮ್ಮ ಜಗಲಿಯ ಅಂಚಿನಲ್ಲಿ ಕಂಡದ್ದು ಅಮೆರಿಕದ ಪ್ರದರ್ಶನಾಲಯದ ಗೋಡೆ ಏರಿದ ಮೇಲೆ ನಾವೂ ಕಣ್ಣು ಬಿಟ್ಟು ನೋಡುತ್ತಿದ್ದೇವೆ. ಇರಲಿ.

ಮೊದಲ ಕೌದಿ ಮುಗಿಯುವ ಹೊತ್ತಿಗೆ ಆ ತಾಯಿ ಟ್ರಂಕು ತೆರೆದು ಯಜಮಾನರ ಪಂಚೆ, ಲುಂಗಿ, ತೋಟಕ್ಕೆ ಹಾಕುತ್ತಿದ್ದ ಅಂಗಿಗಳನ್ನು ಹೊರಗೆ ತಂದರು. ಸುಲಿದ ಅಡಿಕೆಯ ಕಲೆ, ಮೈಲುತುತ್ತದ ನೀಲಿ ಕಲೆ ಹಾಗೆಯೇ ಇದ್ದ ಬಟ್ಟೆಗಳು. ಅತ್ತೆಯವರು ಒಪ್ಪಲಿಲ್ಲ. ಹೋದವರ ಬಟ್ಟೆಯನ್ನು ಮನೆಯಲ್ಲಿ ಹಾಸಿ ಹೊದೆಯುವುದೇ ಎಂದು ಎರಡು ದಿನ ಊಟ ಬಿಟ್ಟರು. ಶಾಸ್ತ್ರ ತಿಳಿದವರನ್ನು ಕೇಳಿದ್ದಾಯಿತು. ಒಗೆದು ಶುದ್ಧಮಾಡಿದ ಬಟ್ಟೆಗೆ ದೋಷವೇನು ಎಂದು ಅವರು ಹೇಳಿದರು. ಆಮೇಲೆ ಒಂದು ದಿನ ಅತ್ತೆಯವರೇ ಬಂದು ಮಗನ ಅಂಗಿಯೊಂದನ್ನು ಎತ್ತಿಕೊಂಡು, "ಇದನ್ನು ಕತ್ತರಿಸಬೇಡಿ, ನಡುವಿಗೆ ಇಡೀ ಹಾಕಿ" ಎಂದರಂತೆ. ಕೌದಿಯ ನಡುವೆ ಈಗಲೂ ಆ ಅಂಗಿಯ ಕಿಸೆ ಇದೆ. ಮೂಲೆಯ ಒಂದು ಹೂವು ಸಿದ್ದಿ ಹೆಂಗಸಿನ ಮಗನ ಅಂಗಿಯದು.

ಇಬ್ಬರೂ ಆ ಮಧ್ಯಾಹ್ನಗಳಲ್ಲಿ ಏನು ಮಾತಾಡಿಕೊಂಡರೆಂಬುದು ನಮಗೆ ಬೇಡದ ವಿಷಯ. ನಮ್ಮ ಕಿವಿಗೆ ಬಿದ್ದ ವ್ಯತ್ಯಾಸ ಒಂದೇ. ಇಷ್ಟು ವರ್ಷ "ಅಮ್ಮಾ" ಎನ್ನುತ್ತಿದ್ದವಳು ಈಗ "ಅಕ್ಕಾ" ಎನ್ನುತ್ತಾಳೆ. ಜಗಲಿಯ ಅಂಚಿನಲ್ಲಿ ಕೂರುವುದೂ ಇಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ. ಇದು ನಮ್ಮ ಕಡೆ ಸಣ್ಣ ಮಾತಲ್ಲವೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಥದು ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 1973ರಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಸಾವಿರಾರು ಮಂದಿಯನ್ನು ಹಿಡಿದೊಯ್ದರು. ಎಷ್ಟೋ ಜನ ಮರಳಲೇ ಇಲ್ಲ. ಅವರ ತಾಯಂದಿರು, ಹೆಂಡಿರು ರಾಜಧಾನಿ ಸಾಂತಿಯಾಗೋದಲ್ಲಿ ಚರ್ಚಿನ ಆಶ್ರಯದಲ್ಲಿ ಒಟ್ಟಾಗಿ ಕೂತು ಬಟ್ಟೆ ಚೂರುಗಳಿಂದ ಚಿತ್ರ ಹೊಲಿದರು. ಕಾಣೆಯಾದವರ ಬಟ್ಟೆಯನ್ನೇ ಕತ್ತರಿಸಿ ಹಾಕಿದವರೂ ಇದ್ದರು. ಅವನ್ನು ಅರ್ಪಿಯೇರಾ ಎನ್ನುತ್ತಾರೆ. ಆ ಪದಕ್ಕೆ ಗೋಣಿತಾಟು ಎಂದೇ ಅರ್ಥ. ನಾವು ಕಾಫಿ ತುಂಬುವ ಅದೇ ತಾಟು. ನಮ್ಮ ದುಃಖಕ್ಕೂ ಅವರದಕ್ಕೂ ಹೋಲಿಕೆಯಿಲ್ಲ. ನಮ್ಮವರದು ಯಾರೂ ಮಾಡಿದ್ದಲ್ಲ, ಅವರದು ಮಾಡಿದ್ದು. ಶವವೂ ಸಿಗದವರ ಗತಿ ಬೇರೆ. ಆದರೆ ಎದುರುಬದುರು ಕೂತು ಮುಖ ನೋಡಿಕೊಂಡು ಅಳುವುದು ಕಷ್ಟ, ಕಣ್ಣು ಸೂಜಿಯ ಮೇಲಿದ್ದರೆ ಬಾಯಿ ಬಿಡುವುದು ಸುಲಭ ಎಂಬುದು ಎರಡೂ ಕಡೆ ಒಂದೇ ಎಂದು ನಮಗೆ ತೋರುತ್ತದೆ.

ಕೌದಿ ಹೊಲಿದರೆ ದುಃಖ ಹೋಗುತ್ತದೆಂದು ನಾವು ಹೇಳುವುದಿಲ್ಲ. ಕಳೆದ ಎರಡು ಮಳೆಗಾಲದಿಂದ ಸಂಘದ ಗೋದಾಮಿನ ಮೇಲಂತಸ್ತಿನಲ್ಲಿ ಬುಧವಾರ ಮಧ್ಯಾಹ್ನ ಏಳೆಂಟು ಹೆಂಗಸರು ಸೇರುತ್ತಿದ್ದಾರೆ. ಒಬ್ಬರು ಎರಡು ವಾರ ಬಂದು, ಮನಸ್ಸು ಒಗ್ಗದೆ ನಿಲ್ಲಿಸಿದರು. ಯಾರೂ ಒತ್ತಾಯ ಮಾಡಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಹಿರಿಯ ಸದಸ್ಯರೊಬ್ಬರೂ ಬರುತ್ತಾರೆ. ಸೂಜಿ ಹಿಡಿಯಲು ಸಂಕೋಚವೆಂದು ಮೂಲೆಯಲ್ಲಿ ಕೂತು ಅಡಿಕೆ ಹಾಳೆಯ ಟೊಪ್ಪಿ ಮಾಡುತ್ತಾರೆ. ಗಂಡಸರಿಗೆ ಇಂಥ ಒಂದು ಜಾಗವೇ ಇಲ್ಲವಲ್ಲ ಎಂದು ಅವರನ್ನು ನೋಡಿದಾಗ ನಮಗೆ ಅನಿಸುವುದುಂಟು. ನಮ್ಮ ವಯಸ್ಸಿನವರು ಸಂತಾಪ ಹೇಳಲು ಹೋದರೂ ಐದು ನಿಮಿಷದಲ್ಲಿ ಧಾರಣೆಯ ಮಾತಿಗೆ ಬರುತ್ತೇವೆ.

ತೋಟ ಮಾರಾಟವಾಗಲಿಲ್ಲ. ಕಳೆದ ಹಂಗಾಮಿನಲ್ಲಿ ಆ ತಾಯಿ ತಾವೇ ನಿಂತು ಕೊನೆ ಕೊಯ್ಲು ಮಾಡಿಸಿ, ಚಾಲಿಯನ್ನು ಸಂಘಕ್ಕೆ ತಂದು ಹಾಕಿದರು. ಮದ್ದು ಹೊಡೆಯಲು ಈಗ ಯಾರನ್ನೂ ಮರ ಹತ್ತಿಸುವುದಿಲ್ಲ; ದೋಟಿಯಿಂದ ನೆಲದಲ್ಲೇ ನಿಂತು ಹೊಡೆಸುತ್ತಾರೆ. ಆ ಮರದ ಕಡೆಗೆ ಮಾತ್ರ ಇವತ್ತಿಗೂ ಹೋಗುವುದಿಲ್ಲವಂತೆ. ಆ ಸಾಲಿನ ಅಡಿಕೆ ಹೆಕ್ಕುವುದು ಅವರ ಗೆಳತಿಯ ಕೆಲಸ.

ಬುಧವಾರದ ಕೂಟಕ್ಕೆ ಹಳೆ ಬಟ್ಟೆ ಬೇಕಾಗಿದೆ. ಒಗೆದ ಹತ್ತಿ ಸೀರೆ, ಪಂಚೆ, ಲುಂಗಿ ಯಾವುದಾದರೂ ಆದೀತು. ನೈಲಾನ್ ಸೀರೆ ಬೇಡ, ಸೂಜಿ ಜಾರುತ್ತದೆ. ಗೋದಾಮಿನ ತೂಕದವರ ಹತ್ತಿರ ಕೊಟ್ಟು ಹೋಗಬಹುದು. ಹೋದವರ ಬಟ್ಟೆಯಾಗಿದ್ದರೆ ಹಾಗೆಂದು ಒಂದು ಚೀಟಿ ಬರೆದಿಡಿ. ಅದನ್ನು ನಿಮ್ಮನ್ನು ಕೇಳದೆ ಕತ್ತರಿಸುವುದಿಲ್ಲ.