ನೃಪತುಂಗ ಬೆಟ್ಟದ ಏರು ಹೇಳಿದ ಮಾತು

ಕಳೆದ ಮಾಘ ಮಾಸದ ಒಂದು ರವಿವಾರ ಅಣ್ಣಿಗೇರಿ, ನವಲಗುಂದ ಭಾಗದ ಆರು ಜನ ಸದ್ಭಕ್ತರೊಡನೆ ನಾವು ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಹೋಗಿದ್ದೆವು. ಸಕ್ಕರೆ ಕಾಯಿಲೆ, ಬೊಜ್ಜು, ರಕ್ತದೊತ್ತಡಗಳಿಂದ ಬಳಲುವ ಇವರಿಗೆ ‘ನಡೆಯಿರಿ’ ಎಂದು ಹೇಳಿ ಹೇಳಿ ನಮಗೇ ಸಾಕಾಗಿತ್ತು. ಒಂದು ದಿನವಾದರೂ ಜೊತೆಯಲ್ಲಿಯೇ ನಡೆಯೋಣವೆಂದು ವಾಹನವನ್ನು ಕೆಳಗೆ ಬಿಟ್ಟು ಏರತೊಡಗಿದೆವು.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರು ಹೊತ್ತ ಈ ಬೆಟ್ಟ ಬಹಳ ಎತ್ತರದ್ದೇನಲ್ಲ. ಕನ್ನಡದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ಗ್ರಂಥವಾದ ‘ಕವಿರಾಜಮಾರ್ಗ’ವು 9ನೆಯ ಶತಮಾನದಲ್ಲಿ ಆತನ ಆಸ್ಥಾನದಲ್ಲಿಯೇ ರಚಿತವಾಯಿತೆಂಬ ಸಂಗತಿಯನ್ನು ಹೇಳುತ್ತ ನಡೆದಿದ್ದೆವು. ಅರ್ಧ ದಾರಿಯಲ್ಲಿ ಐವತ್ತೈದರ ಆಸುಪಾಸಿನ ರೈತರೊಬ್ಬರು ಹಿಂದುಳಿದರು. ತಿರುಗಿ ನೋಡಿದರೆ ಕೈ ಎದೆಯ ಮೇಲಿತ್ತು, ತಣ್ಣನೆಯ ಗಾಳಿಯಲ್ಲಿಯೂ ಹಣೆ ಬೆವರಿತ್ತು.

“ಏನಿಲ್ರಿ ಡಾಕ್ಟರ್ರ, ಮುಂಜಾನೆ ಮಿರ್ಚಿ ತಿಂದಿದ್ನಿ, ವಾಯು ಆಗೇತ್ರಿ. ಒಂದ್ ಸೋಡಾ ಕುಡದ್ರ ಇಳೀತೈತಿ” ಎಂದರು.

ಕುಳ್ಳಿರಿಸಿದೆವು. ಕೆಲವೇ ನಿಮಿಷಗಳಲ್ಲಿ ನೋವು ಇಳಿಯಿತು. ಅವರು ಮತ್ತೆ ಏರಲು ಎದ್ದರು. ನಾವು ಬಿಡಲಿಲ್ಲ. ಕೇಳುತ್ತ ಹೋದಂತೆ ವಿಷಯ ತಿಳಿಯಿತು. ಎರಡು ತಿಂಗಳಿಂದ ಚೀಲ ಹೊತ್ತು ಅಟ್ಟ ಹತ್ತುವಾಗಲೆಲ್ಲ ಇದೇ ಬಿಗಿತ, ನಿಂತರೆ ಮಾಯ. ಹಿಂದೊಮ್ಮೆ ಅವರು ‘ಎದೆ ಉರಿ’ ಎಂದು ನಮ್ಮ ಬಳಿ ಬಂದಿದ್ದರು. ಅದು ಯಾವಾಗ ಬರುತ್ತದೆಂದು ಕೇಳದೆ ನಾವು ಆಮ್ಲಪಿತ್ತದ ಚೂರ್ಣ ಕೊಟ್ಟು ಕಳುಹಿಸಿದ್ದೆವು. ಈ ತಪ್ಪು ನಮ್ಮದು. ಓದುಗರಿಂದ ಮುಚ್ಚಿಡುವುದು ಸಲ್ಲದು.

ಉಳಿದವರನ್ನು ಮೇಲೆ ಕಳುಹಿಸಿ, ಅವರನ್ನು ನೇರವಾಗಿ ನಗರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಹೃದಯದ ರಕ್ತನಾಳವೊಂದು ಬಹುಪಾಲು ಕಟ್ಟಿಕೊಂಡಿರುವುದು ಪರೀಕ್ಷೆಯಲ್ಲಿ ಕಂಡುಬಂದು, ಮುಂದೆ ಸ್ಟೆಂಟ್ ಹಾಕಿದರು. ಈಗ ಕ್ಷೇಮವಾಗಿದ್ದಾರೆ.

ಸಂಜೆ ಉಳಿದವರನ್ನು ಕರೆತರಲು ಮರಳಿ ಬಂದಾಗ ಬೆಟ್ಟದ ಮೇಲಿನ ಉದ್ಯಾನದಲ್ಲಿ ಮಕ್ಕಳು ಆಡುತ್ತಿದ್ದರು. ಕೆಳಗೆ ಉಣಕಲ್ ಕೆರೆಯ ನೀರು, ಅದರಾಚೆಗೂ ಮನೆಗಳು. 2011ರ ಜನಗಣತಿಯಲ್ಲಿಯೇ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷವಿತ್ತು. ಅಷ್ಟೊಂದು ಕಟ್ಟಡಗಳ ನಡುವೆ ಆ ಆಸ್ಪತ್ರೆ ಎಲ್ಲಿದೆಯೆಂದು ನಮ್ಮ ಕಣ್ಣು ಹುಡುಕುತ್ತಿತ್ತು.

ನವಲಗುಂದ, ಅಣ್ಣಿಗೇರಿಯ ಎರೆಭೂಮಿ ಕಣ್ಣು ಹಾಯುವವರೆಗೂ ಸಮತಟ್ಟು. ಅಲ್ಲಿ ನಿಧಾನವಾಗಿ ನಡೆಯುವಾಗ ಕಿರಿದಾದ ರಕ್ತನಾಳವೂ ಹೃದಯಕ್ಕೆ ಬೇಕಾದಷ್ಟು ರಕ್ತ ಪೂರೈಸೀತು. ಏರುವಾಗ ಬೇಡಿಕೆ ಹೆಚ್ಚುತ್ತದೆ, ಪೂರೈಕೆ ಸಾಲದು; ಆಗ ನೋವು ಕಾಣಿಸುತ್ತದೆ. ಶ್ರಮದಲ್ಲಿ ಬಂದು ವಿಶ್ರಾಂತಿಯಲ್ಲಿ ಹೋಗುವ ಎದೆಯ ಬಿಗಿತ, ಎಡತೋಳು, ಬೆನ್ನು ಅಥವಾ ದವಡೆಗೆ ಹರಿಯುವ ನೋವು, ಇವನ್ನು ವಾಯುವೆಂದು ತಿಳಿಯದೆ ಕೂಡಲೇ ಇಸಿಜಿ ಮಾಡಿಸಬೇಕು. ಮೊದಲ ಇಸಿಜಿ ಸರಿಯಿದ್ದರೂ ತಜ್ಞರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ, ತಾಯಂದಿರಲ್ಲಿ ನೋವಿಲ್ಲದೆ ಬರಿಯ ಏದುಸಿರು, ಅತಿಯಾದ ಸುಸ್ತು ಕಾಣಿಸಬಹುದು. ಕುಳಿತರೂ ನೋವು ನಿಲ್ಲದಿದ್ದರೆ ಮನೆಮದ್ದಿಗೆ ಸಮಯ ಕಳೆಯದೆ 108ಕ್ಕೆ ಕರೆ ಮಾಡಬೇಕು.

ಹಾಗೆಂದು ನಡಿಗೆಗೆ ಅಂಜಬೇಕಾಗಿಲ್ಲ. ವ್ಯಾಯಾಮದಿಂದ ಶರೀರ ಹಗುರಾಗುತ್ತದೆ, ಜಠರಾಗ್ನಿ ಪ್ರದೀಪ್ತವಾಗುತ್ತದೆ, ಮೇದಸ್ಸು ಕರಗುತ್ತದೆ ಎನ್ನುತ್ತಾನೆ ವಾಗ್ಭಟ. ಆದರೆ ಬಲವಂತರೂ ಚಳಿಗಾಲ ಮತ್ತು ವಸಂತದಲ್ಲಿ ಅರ್ಧಶಕ್ತಿಯಷ್ಟೇ, ಉಳಿದ ಋತುಗಳಲ್ಲಿ ಅದಕ್ಕೂ ಕಡಿಮೆ ಮಾಡಬೇಕೆಂಬುದು ಆತನ ವಿಧಿ. ಅಜೀರ್ಣವಿದ್ದಾಗ ಮಾಡಲೇಬಾರದು. ಹಣೆ ಬೆವರಿ, ಬಾಯಿಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿದು ನಿಲ್ಲಬೇಕು. ಜೊತೆಯವರೊಡನೆ ಮಾತಾಡುತ್ತ ನಡೆಯಲು ಸಾಧ್ಯವಿರುವಷ್ಟು ವೇಗ ಸಾಕು.

ಕಲಘಟಗಿ ಕಡೆಯ ಭಕ್ತರಿಗೆ ಏರುದಾರಿ ಹೊಸದಲ್ಲ. ಬಯಲಿನವರು ಮಾತ್ರ ಬೆಟ್ಟ ಹತ್ತುವ ಮೊದಲು ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಂಡು, ಕೆಲವು ವಾರ ಸಮತಟ್ಟಿನಲ್ಲಿ ನಡೆದು ರೂಢಿಮಾಡಿಕೊಳ್ಳಲಿ. ದೇಹವನ್ನೇ ದೇವಾಲಯವಾಗಿ ಕಂಡ ಬಸವಣ್ಣನವರ ಹಾದಿಯಲ್ಲಿ ನಡೆಯುವ ನಾವು, ಆ ದೇವಾಲಯದ ಗೋಡೆಯಲ್ಲಿ ಬಿರುಕು ಕಂಡಾಗ ಕಣ್ಣುಮುಚ್ಚಿ ಕೂಡ್ರಬಾರದು.